ಮೇಲೋಣಿಯ ಗೋಡೆಗೊಂದು ಸೈಕಲ್ಲು

ಸುಗಂಧಾಳ ಸೈಕಲ್ಲಿನ ಸ್ಟ್ಯಾಂಡು ಮುರಿದದ್ದು ಹಳ್ಳದವಾಡಿಯ ಮೇಲೋಣಿಯಲ್ಲಿ, ನಡುಮಧ್ಯಾಹ್ನ, ಓಣಿಯ ಹೆಂಗಸರೆಲ್ಲ ಕಟ್ಟೆಗಳ ಮೇಲೆ ಕೂತು ಬಿತ್ತನೆಯ ಶೇಂಗಾ ಸುಲಿಯುತ್ತಿದ್ದ ಹೊತ್ತಿನಲ್ಲಿ. ಅವಳು ಇಳಿದು, ಎಡಗಾಲಿನಿಂದ ಸ್ಟ್ಯಾಂಡು ಮೆಟ್ಟಿ, ಸೆರಗು ಸರಿ ಮಾಡಿಕೊಂಡು ಇನ್ನೇನು ಹೆಜ್ಜೆ ಇಡಬೇಕು, ಹಿಂದಿನಿಂದ ಖಟಕ್ ಎಂದಿತು. ತಿರುಗಿ ನೋಡುವುದರೊಳಗೆ ಸೈಕಲ್ಲು ಕುಡಿದವನ ಹಾಗೆ ಒಮ್ಮೆ ತೂಗಾಡಿ, ಕ್ಯಾರಿಯರಿನ ಮೇಲಿನ ನೀಲಿ ಡಬ್ಬಿಯ ಸಮೇತ ಕೆಸರಿನಲ್ಲಿ ಮಲಗಿತು.

ಕೂತ ಹೆಂಗಸರು ನಕ್ಕರು. ಸುಗಂಧಾಳೂ ನಕ್ಕಳು. ಆದರೆ ಅವಳ ಕೈ ಮಾತ್ರ ನಗುವುದಕ್ಕೆ ಮೊದಲೇ ಡಬ್ಬಿಯ ಮುಚ್ಚಳದ ಮೇಲಿತ್ತು. ಅದರೊಳಗೆ ಬರ್ಫದ ನಡುವೆ ಕೂಸುಗಳಿಗೆ ಹಾಕುವ ಲಸಿಕೆ ಇತ್ತು. ಮುಚ್ಚಳ ಬಿಗಿಯಾಗಿಯೇ ಇತ್ತು, ಬಾಟಲಿಗಳು ಒಡೆದಿರಲಿಲ್ಲ. ಅವಳು ಮುರಿದ ಸ್ಟ್ಯಾಂಡನ್ನು ಕೆಸರಿನಿಂದ ಎತ್ತಿ, ಝಾಡಿಸಿ, ಚೀಲಕ್ಕೆ ಹಾಕಿಕೊಂಡು ಕೆಲಸಕ್ಕೆ ನಡೆದಳು.

ಎಂಬತ್ತೆಂಟನೇ ಇಸವಿಯ ಮೊದಲ ಮಳೆಯ ದಿನಗಳವು. ಸುಗಂಧಾ ಹಾರೂಗೇರಿಯಲ್ಲಿ ಒಂದು ಖೋಲಿ ಹಿಡಿದುಕೊಂಡು, ಸುತ್ತಲಿನ ಹಳ್ಳಿಗಳಿಗೆ ಸೈಕಲ್ಲಿನ ಮೇಲೆ ತಿರುಗುತ್ತಿದ್ದ ಸರಕಾರಿ ನರ್ಸು. ವಯಸ್ಸು ಇಪ್ಪತ್ತೈದರ ಆಸುಪಾಸು. ಅಂಕಲಿಯ ಜೈನರ ಪೈಕಿ ಜಿನ್ನಪ್ಪನೆಂಬ ರೈತನ ಮಗಳು. ಮನೆಯಲ್ಲಿ ಮದುವೆಯ ಮಾತು ಎತ್ತಿದಾಗಲೆಲ್ಲ, "ಸೈಕಲ್ ಹೊಡ್ಯಾಕ ಬಿಡಾವ್ರು ಇದ್ರ ನೋಡ್ರಿ, ಇಲ್ಲಂದ್ರ ಬ್ಯಾಡ" ಎಂದು ಕಡ್ಡಿ ಮುರಿದ ಹಾಗೆ ಹೇಳಿ ಎದ್ದು ಹೋಗುವವಳು. ಹಳ್ಳಿಯವರು ಅವಳನ್ನು ಬಾಯಾರ ಎಂದು ಕರೆಯುತ್ತಿದ್ದರು. ಹೆಸರು ಹಿಡಿದು ಕರೆಯುವಷ್ಟು ಸಲಿಗೆ ಯಾರಿಗೂ ಇರಲಿಲ್ಲ, ಅವಳನ್ನು ಕಂಡರೆ ಹೆದರುವಷ್ಟು ದೂರವೂ ಅವಳಿರಲಿಲ್ಲ.

ಅಂದು ಸಂಜೆ ಹಾರೂಗೇರಿಯ ಸೈಕಲ್ ಅಂಗಡಿಯ ಭೀಮಸಿ ಮುರಿದ ಜಾಗವನ್ನು ಬೆರಳಿನಿಂದ ಸವರಿ ನೋಡಿದ.

"ಸ್ಟ್ಯಾಂಡ್ ಕೂಡೂ ಪಟ್ಟಿನ ಸೀಳೇತ್ರಿ ಬಾಯಾರ. ವೆಲ್ಡಿಂಗ್ ಮಾಡಿಸಿದ್ರ ನಾಕ ದಿನ ತಡೀತೈತಿ, ಮತ್ತ ಕೆಡವತೈತಿ. ಹಿಂದಿನ ಗಾಲಿಗಿ ಜೋಡಗಾಲಿನ ಸ್ಟ್ಯಾಂಡ್ ಹಾಕಿ ಕೊಡ್ಲ್ಯಾ?"

"ಅದನ್ನ ಹಾಕಿದ್ರ ಪ್ರತಿ ಮನಿ ಮುಂದ ಡಬ್ಬಿ ಸಮೇತ ಎತ್ತಿ ಎತ್ತಿ ನಿಂದ್ರಸಬೇಕು. ಎರಿ ಮಣ್ಣಿನ್ಯಾಗ ಅದರ ಕಾಲೂ ಹುಗೀತಾವು. ಬ್ಯಾಡ."

"ಹಂಗಾರ ಹೆಂಗ್ರಿ?"

"ಸ್ಟ್ಯಾಂಡ್ ಇಲ್ಲದನ ನಿಂದ್ರಸ್ತೀನಿ. ನಮ್ಮಪ್ಪನ ಸೈಕಲ್ಲಿಗಿ ನಾ ಹುಟ್ಟಿದಾಗಿಂದ ಸ್ಟ್ಯಾಂಡ್ ಇರಲಿಲ್ಲ."

ಅದು ನಿಜವೇ. ಜಿನ್ನಪ್ಪ ಬುಟ್ಟಿಗಟ್ಟಲೆ ಬದನೆಕಾಯಿ ಹೇರಿಕೊಂಡು ಅಂಕಲಿಯಿಂದ ಚಿಕ್ಕೋಡಿ ಪೇಟೆಗೆ ಹೋಗುತ್ತಿದ್ದ. ಅಷ್ಟು ಭಾರಕ್ಕೆ ಯಾವ ಸ್ಟ್ಯಾಂಡೂ ತಾಳುತ್ತಿರಲಿಲ್ಲವಾದ್ದರಿಂದ ಅದನ್ನು ಬಿಚ್ಚಿ ಅಟ್ಟದ ಮೇಲೆ ಒಗೆದಿದ್ದ. ಮುಂದಿನ ಬಾರಿನ ಮೇಲೆ ಕೂತು ಪೇಟೆಗೆ ಹೋಗುತ್ತಿದ್ದ ಸುಗಂಧಾಳಿಗೆ ಸೈಕಲ್ ಹೊಡೆಯುವುದಕ್ಕೆ ಮೊದಲು ಅದನ್ನು ನಿಲ್ಲಿಸುವುದು ಬಂದಿತ್ತು. ಹ್ಯಾಂಡಲ್ಲನ್ನು ಎಂದೂ ಗೋಡೆಗೆ ಹಚ್ಚಬಾರದು, ಅದು ಹೊರಳುತ್ತದೆ, ಸೈಕಲ್ಲು ಜಾರುತ್ತದೆ. ಹಚ್ಚಬೇಕಾದದ್ದು ಸೀಟನ್ನು. ಹಿಂದಿನ ಗಾಲಿ ಗೋಡೆಯಿಂದ ಗೇಣು ದೂರ ಇರಬೇಕು. ಮುಂದಿನ ಗಾಲಿಯನ್ನು ಗೋಡೆಯ ಕಡೆಗೆ ಹೊರಳಿಸಬೇಕು. ಕೊನೆಗೆ ಹಳೇ ಟ್ಯೂಬಿನಿಂದ ಕತ್ತರಿಸಿದ ರಬ್ಬರಿನ ಉಂಗುರವನ್ನು ಹ್ಯಾಂಡಲ್ಲಿಗೂ ಬ್ರೇಕಿನ ಹಿಡಿಕೆಗೂ ಕೂಡಿಸಿ ಬಿಗಿದುಬಿಟ್ಟರೆ ಮುಂದಿನ ಗಾಲಿ ಒಂದು ಕೂದಲಿನಷ್ಟೂ ಉರುಳುವುದಿಲ್ಲ. ಇಳಿಜಾರಿದ್ದರೆ ಮುಖವನ್ನು ಏರಿನ ಕಡೆ ಮಾಡು, ಗೋಡೆ ಇಲ್ಲದಿದ್ದರೆ ಯಾವುದಾದರೂ ಕಟ್ಟೆಯ ಅಂಚಿಗೆ ಪೆಡಲ್ಲು ಕೂರಿಸು. ಇಷ್ಟೇ ಶಾಸ್ತ್ರ.

ಭೀಮಸಿಯಿಂದ ಒಂದು ರಬ್ಬರಿನ ಉಂಗುರ ಕತ್ತರಿಸಿಕೊಂಡು ಸುಗಂಧಾ ಹೊರಟಳು. ಸ್ಟ್ಯಾಂಡಿನ ಚಿಂತೆ ಅವಳ ಮಟ್ಟಿಗೆ ಅಲ್ಲಿಗೆ ಮುಗಿದಿತ್ತು.

ಚಿಂತೆ ಶುರುವಾದದ್ದು ಗೋಡೆಯದು.

ಮುಂದಿನ ವಾರ ಹಳ್ಳದವಾಡಿಗೆ ಹೋದಾಗ ಅವಳು ಮೇಲೋಣಿಯ ಹೊಳೆವ್ವನ ಮನೆಗೆ ಹೋಗಬೇಕಾಗಿತ್ತು. ಹೊಳೆವ್ವನ ಮಗಳು ಚನ್ನವ್ವ ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಹೊಳೆವ್ವನ ಮನೆಯ ಮುಂದೆ ಗೋಡೆ ಎಂಬುದೇ ಇರಲಿಲ್ಲ. ದನದ ಕೊಟ್ಟಿಗೆ ಇತ್ತು, ಅದರಲ್ಲಿ ಮೈ ತಿಕ್ಕಿಕೊಳ್ಳಲು ಏನಾದರೂ ಸಿಕ್ಕೀತೇ ಎಂದು ಕಾಯುವ ಒಂದು ಎಮ್ಮೆ ಇತ್ತು. ಎದುರಿಗೆ ಲಗಮಣ್ಣನ ಮನೆ. ಕಬ್ಬಿನ ತೋಟದ ಕುಳ. ಮನೆಯ ಮುಂದೆ ನೆಟ್ಟಗಿನ ಕಲ್ಲಿನ ಗೋಡೆ, ಮಧ್ಯಾಹ್ನದವರೆಗೂ ನೆರಳು. ಸುಗಂಧಾ ಹೆಚ್ಚು ಯೋಚಿಸಲಿಲ್ಲ. ಸೀಟನ್ನು ಗೋಡೆಗೆ ಹಚ್ಚಿ, ಗಾಲಿ ಹೊರಳಿಸಿ, ರಬ್ಬರು ಬಿಗಿದು, ಹೊಳೆವ್ವನ ಮನೆಯೊಳಗೆ ಹೋದಳು.

ಚನ್ನವ್ವನನ್ನು ನೋಡಿ, ಗುಳಿಗೆ ಕೊಟ್ಟು, ಚಹಾ ಕುಡಿದು ಹೊರಗೆ ಬರುವಾಗ ಸೈಕಲ್ಲಿನ ಪಕ್ಕ ಲಗಮಣ್ಣನ ತಾಯಿ ಕಾಳವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಅರವತ್ತರ ಹೆಂಗಸು. ಸೊಸೆಯಂದಿರೇ ಏಕೆ, ಊರಿನ ಗಂಡಸರೂ ಅವಳ ದನಿಗೆ ದಾರಿ ಬಿಡುತ್ತಿದ್ದರು.

"ಯಾಕವಾ, ಸೈಕಲ್ ನಮ್ಮ ಗ್ವಾಡಿಗಿ ಹಚ್ಚಿದಿ? ನಮ್ಮ ಮನ್ಯಾಗ ಯಾರಿಗಿ ಆಪ್ರೇಶನ್ ಮಾಡ್ಸೂದೈತಿ?"

"ಯಾರಿಗೂ ಇಲ್ರಿ ಆಯಿ. ನೆಳ್ಳ ಇತ್ತು, ಹಚ್ಚೀನಿ."

"ನೆಳ್ಳ ಊರತುಂಬ ಐತಿ. ತಗಿ ಮೊದಲ."

ಸುಗಂಧಾ ತೆಗೆದಳು. ಆದರೆ ಸುದ್ದಿ ಅಷ್ಟರಲ್ಲಿ ಸೈಕಲ್ಲಿಗಿಂತ ಜೋರಾಗಿ ಓಡಿತ್ತು. ನರ್ಸಿನ ಸೈಕಲ್ಲು ಯಾರ ಗೋಡೆಗೆ ನಿಂತಿತೋ ಆ ಮನೆಯಲ್ಲಿ ಯಾರಿಗೋ ಮಕ್ಕಳಾಗದ ಹಾಗೆ ಆಪರೇಶನ್ ಎಂದು ಊರು ಲೆಕ್ಕ ಹಾಕುತ್ತಿತ್ತು. ಮೊದಲು ಸ್ಟ್ಯಾಂಡು ಇದ್ದಾಗ ಸೈಕಲ್ಲು ಓಣಿಯ ನಡುವೆ ನಿಲ್ಲುತ್ತಿತ್ತು, ಯಾರ ಹೆಸರನ್ನೂ ಹೇಳುತ್ತಿರಲಿಲ್ಲ. ಈಗ ಒರಗಿ ನಿಂತದ್ದೇ ತಡ, ಅದು ಬೆರಳು ಮಾಡಿ ತೋರಿಸಿದ ಹಾಗಾಯಿತು. ಸಂಜೆಯೊಳಗೆ ಲಗಮಣ್ಣನ ಹೆಂಡತಿ ಗಿರಿಜವ್ವನಿಗೆ ಆಪರೇಶನ್ ಆಗುವುದು ಖಾಯಂ ಆಗಿ, ಯಾವ ದವಾಖಾನೆ ಎಂಬುದರ ಬಗ್ಗೆ ಮಾತ್ರ ಎರಡು ಅಭಿಪ್ರಾಯ ಉಳಿದಿದ್ದವು.

ಮರುದಿನ ಲಗಮಣ್ಣ ಹಾರೂಗೇರಿಯ ರಸ್ತೆಯಲ್ಲಿ ಸಿಕ್ಕ. ಒಳ್ಳೆಯ ಮನುಷ್ಯ, ಆದರೆ ತಾಯಿಯ ಮಾತು ಬಂದಾಗ ಮೆತ್ತಗಾಗುವವನು. ಎತ್ತುಗಳನ್ನು ನಿಲ್ಲಿಸಿ, ಚಕ್ಕಡಿಯಿಂದ ಇಳಿದು, ತಲೆಯ ಮೇಲಿನ ಟೊಪ್ಪಿಗೆಯನ್ನು ಸರಿಪಡಿಸಿಕೊಂಡ.

"ಬಾಯಾರ, ಸಿಟ್ಟಾಗಬ್ಯಾಡ್ರಿ. ಬ್ಯಾರೆ ಗ್ವಾಡಿ ನೋಡ್ರಿ. ಹೊಲದಾಗ, ಡೇರಿ ಮುಂದ, ಎಲ್ಲಿ ಹೋದ್ರೂ ಮಂದಿ ನನಗ 'ಯಾವಾಗ?' ಅಂತ ಕೇಳಾಕತ್ಯಾರ."

"ಆತ್ರಿ ಲಗಮಣ್ಣಾರ. ಗ್ವಾಡಿ ನಿಮ್ಮದು" ಎಂದಳು ಸುಗಂಧಾ.

ಬೇರೆ ಗೋಡೆಗಳ ಕಥೆಯೂ ಅದೇ ಆಯಿತು. ಪಕ್ಕದ ಮನೆಯಾಕೆ ಒಳಗಿನಿಂದಲೇ ಕೂಗಿದಳು. ಅದರಾಚೆಯವರು ಕೂಗಲಿಲ್ಲ, ಆದರೆ ಸುಗಂಧಾ ತಿರುಗಿ ಬರುವಷ್ಟರಲ್ಲಿ ಸೈಕಲ್ಲನ್ನು ಎತ್ತಿ ಎದುರಿನವರ ಗೋಡೆಗೆ ಹಚ್ಚಿದ್ದರು, ಎದುರಿನವರು ಜಗಳಕ್ಕೆ ಬಂದಿದ್ದರು. ಊರ ನಡುವಿನ ಬೇವಿನ ಕಟ್ಟೆಯಲ್ಲಿ ಲಸಿಕೆ ಹಾಕುವಾಗ ತೊಂದರೆ ಇರಲಿಲ್ಲ, ಕಟ್ಟೆಯ ಅಂಚಿಗೆ ಪೆಡಲ್ಲು ಕೂರಿಸಿದರೆ ಸೈಕಲ್ಲು ಬಂಡೆಯ ಹಾಗೆ ನಿಲ್ಲುತ್ತಿತ್ತು. ಆದರೆ ಬೇವಿನ ಕಟ್ಟೆಗೆ ಬಾರದವರ ಮನೆಗಳಿಗೇ ಅವಳು ಹೋಗಬೇಕಾಗಿದ್ದದ್ದು, ಆ ಮನೆಗಳೆಲ್ಲ ಮೇಲೋಣಿಯ ಏರಿನಲ್ಲಿದ್ದವು. ಭಾರದ ಡಬ್ಬಿಯನ್ನು ಹೊತ್ತು ಏರು ಹತ್ತುವುದು ಆಗುವ ಮಾತಲ್ಲ. ಒಂದು ಸಲ ಕವಲು ಕಟ್ಟಿಗೆಯೊಂದನ್ನು ಕಡಿದು ತಂದು ಸೀಟಿನ ಕೆಳಗೆ ಆನಿಸಿ ಓಣಿಯ ನಡುವೆಯೇ ನಿಲ್ಲಿಸಿದಳು. ಚೆನ್ನಾಗಿಯೇ ನಿಂತಿತು. ಹೊಳೆವ್ವನ ಹೋತ ಬಂದು ಆ ಕಟ್ಟಿಗೆಯನ್ನು ಮೂಸಿ ನೋಡಿ, ತನಗೆ ಬೇಕಾದದ್ದು ಇದೇ ಎಂದು ನಿರ್ಧರಿಸಿ, ಕಚ್ಚಿ ಎಳೆಯುವವರೆಗೆ.

ಹೊಳೆವ್ವ ಓಡಿ ಬಂದು ಹೋತವನ್ನು ಹೊಡೆದಟ್ಟಿದಳು. ಇಬ್ಬರೂ ಕೂಡಿ ಸೈಕಲ್ಲು ಎತ್ತಿದರು.

"ಯವ್ವಾ, ಡಬ್ಬಿ ಹೊತಗೊಂಡ ಎಷ್ಟ ಒದ್ದಾಡ್ತೀರಿ" ಎಂದಳು ಹೊಳೆವ್ವ. "ಮ್ಯಾಲಿನ ಓಣಿ ಬಿಟ್ಟಬಿಡ್ರಿ. ಬೇಕಾದವ್ರು ಕೆಳಗ ಬರ್ತಾರ."

ಸುಗಂಧಾ ಸೀರೆಯ ಅಂಚಿನ ಕೆಸರು ಕೊಡವುತ್ತ ಓಣಿಯ ಉದ್ದಕ್ಕೂ ನೋಡಿದಳು. ಎರಡೂ ಬದಿಗೆ ಗೋಡೆಗಳು, ಕಲ್ಲಿನವು, ಮಣ್ಣಿನವು, ಸುಣ್ಣ ಬಳಿದವು, ಕುಳ್ಳು ತಟ್ಟಿದವು. ಒಂದೊಂದು ಬಾಗಿಲಿನ ಹಿಂದೆಯೂ ಒಬ್ಬೊಬ್ಬ ಹೆಂಗಸು ಇಣುಕುತ್ತಿರುವುದು ಅವಳಿಗೆ ಗೊತ್ತಿತ್ತು. ಇಣುಕುವವರಿಗೆ ಕೇಳುವುದು ಬಹಳ ಇತ್ತೆಂಬುದೂ ಗೊತ್ತಿತ್ತು. ಬಟ್ಟೆ ಒಗೆಯಲು ಹಳ್ಳಕ್ಕೆ ಬಂದಾಗ, ಹೊಲದ ದಾರಿಯಲ್ಲಿ, ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಅವರು ಕೇಳುತ್ತಿದ್ದರು. ಮುಟ್ಟು ನಿಲ್ಲುವುದಿಲ್ಲ ಎನ್ನುವವಳು, ಕೂಸು ಹಾಲು ಕುಡಿಯುವುದಿಲ್ಲ ಎನ್ನುವವಳು, ಇನ್ನು ಸಾಕು ಎನ್ನುವವಳು.

"ಹೊಳೆವ್ವಾರ, ಒಬ್ಬರ ಗ್ವಾಡಿಗಿ ನಿಂತ್ರ ಸುದ್ದಿ ಆಗ್ತೈತಿ. ಹೌದಲ್ರಿ?"

"ಹೌದ ಮತ್ತ."

"ಎಲ್ಲಾರ ಗ್ವಾಡಿಗೂ ನಿಂತ್ರ?"

ಹೊಳೆವ್ವ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

ಅಂದಿನಿಂದ ಸುಗಂಧಾ ಹಳ್ಳದವಾಡಿಗೆ ಬಂದಾಗಲೆಲ್ಲ ಒಂದೊಂದು ಗೋಡೆ ಹಿಡಿದಳು. ಹೋಗುವ ಮನೆ ಯಾವುದೇ ಇರಲಿ, ಸೈಕಲ್ಲು ನಿಲ್ಲುವ ಗೋಡೆ ಬೇರೆ. ಒಂದೇ ದಿನ ಮೂರು ಸಲ ಜಾಗ ಬದಲಿಸಿದ್ದೂ ಉಂಟು. ಬೈದರೆ ಬೈಸಿಕೊಂಡಳು, ತೆಗೆ ಎಂದರೆ ತೆಗೆದು ಪಕ್ಕದ ಗೋಡೆಗೆ ಹಚ್ಚಿದಳು, ಮುಂದಿನ ಸಲ ಬಂದಾಗ ತೆಗೆ ಎಂದವರ ಗೋಡೆಗೇ ಮತ್ತೆ ಹಚ್ಚಿದಳು. ಮುಖದಲ್ಲಿ ಸಿಟ್ಟಿಲ್ಲ, ಅಂಜಿಕೆಯೂ ಇಲ್ಲ. ಬಸ್ಸು ಸ್ಟಾಪಿಗೆ ಬಂದು ನಿಲ್ಲುವ ಹಾಗೆ ಬಂದು ನಿಲ್ಲಿಸುತ್ತಿದ್ದಳು.

ಸುದ್ದಿ ಹಬ್ಬಿಸುವವರಿಗೆ ಮೊದಲು ಸುಗ್ಗಿಯಾಯಿತು. ಇವರ ಮನೆಯಲ್ಲಿ ಅಂತೆ, ಅವರ ಮನೆಯಲ್ಲೂ ಅಂತೆ. ಆಮೇಲೆ ಎಲ್ಲರ ಮನೆಯಲ್ಲೂ ಅಂತೆ ಎಂದಾದಾಗ ಹೇಳುವವರ ನಾಲಗೆಗೇ ರುಚಿ ಕೆಟ್ಟಿತು. ಅದರ ಪ್ರಾಣ ಪೂರ್ತಿ ಹೋದದ್ದು ಸೈಕಲ್ಲು ಮುರಗೆಪ್ಪನ ಗೋಡೆಗೆ ನಿಂತ ದಿನ. ಮುರಗೆಪ್ಪ ಎಪ್ಪತ್ತು ದಾಟಿದ ಮುದುಕ, ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಮನೆಯಲ್ಲಿ ಅವನೂ ಒಂದು ನಾಯಿಯೂ ಮಾತ್ರ. ಮಧ್ಯಾಹ್ನದ ನಿದ್ದೆಯಿಂದ ಎದ್ದು ಹೊರಗೆ ಬಂದವನು ಗೋಡೆಗೆ ಒರಗಿದ ಸೈಕಲ್ಲನ್ನು ನೋಡಿದ, ಎದುರಿನ ಕಟ್ಟೆಯ ಮೇಲೆ ಬಾಯಿ ಮುಚ್ಚಿ ನಗುತ್ತಿದ್ದ ಹೆಂಗಸರನ್ನು ನೋಡಿದ. ಸುಗಂಧಾ ಡಬ್ಬಿ ತೆಗೆದುಕೊಳ್ಳಲು ಬಂದಾಗ ಎರಡೂ ಕೈ ಹೊಟ್ಟೆಯ ಮೇಲೆ ಇಟ್ಟುಕೊಂಡು, ಇಡೀ ಓಣಿಗೆ ಕೇಳುವ ಹಾಗೆ ಕೇಳಿದ:

"ಬಾಯಾರ, ನನಗ ಎಷ್ಟನೇ ತಿಂಗಳ್ರಿ?"

"ದಿನ ತುಂಬ್ಯಾವ್ರಿ ಅಜ್ಜಾರ" ಎಂದಳು ಸುಗಂಧಾ. "ಭಾರ ಎತ್ತಬ್ಯಾಡ್ರಿ."

ಓಣಿ ನಕ್ಕ ನಗುವಿಗೆ ಮುರಗೆಪ್ಪನ ನಾಯಿ ಎದ್ದು ಬೊಗಳಿತು. ಮರುದಿನದಿಂದ ಯಾರ ಗೋಡೆಗೆ ಸೈಕಲ್ಲು ನಿಂತರೂ ಯಾರೂ ತಿರುಗಿ ನೋಡಲಿಲ್ಲ. ಅಷ್ಟೇ ಅಲ್ಲ, ಹೆಂಗಸರು ಬಾಗಿಲಿನ ಹಿಂದಿನಿಂದ ಹೊಸ್ತಿಲಿಗೆ ಬಂದರು, ಹೊಸ್ತಿಲಿನಿಂದ ಸೈಕಲ್ಲಿನ ಹತ್ತಿರ ಬಂದರು. ಕ್ಯಾರಿಯರಿನ ಮೇಲೆ ಕೈ ಇಟ್ಟುಕೊಂಡು ನಿಂತು, ಹಳ್ಳದ ದಂಡೆಯಲ್ಲಿ ಪಿಸುಗುಟ್ಟುತ್ತಿದ್ದುದನ್ನು ಬಾಯಿಬಿಟ್ಟು ಕೇಳಿದರು. ಸಣ್ಣ ಕೂಸುಗಳನ್ನು ಬೇವಿನ ಕಟ್ಟೆಗೆ ಕಳಿಸದವರು ಅಲ್ಲಿಯೇ, ತಮ್ಮ ಗೋಡೆಯ ನೆರಳಿನಲ್ಲೇ ಲಸಿಕೆ ಹಾಕಿಸಿದರು.

ಉಳಿದದ್ದು ಒಂದೇ ಗೋಡೆ. ಸುಗಂಧಾ ಅದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದಳು. ಮಳೆ ಹಿಂದೆ ಬಿದ್ದು, ಕಬ್ಬು ಆಳೆತ್ತರ ಬೆಳೆದ ಒಂದು ಬೆಳಿಗ್ಗೆ ಅವಳು ಮೇಲೋಣಿಯ ಏರನ್ನು ಹತ್ತಿ, ಇಳಿದು, ಸೈಕಲ್ಲನ್ನು ಲಗಮಣ್ಣನ ಗೋಡೆಗೆ ಹಚ್ಚಿದಳು.

ರಬ್ಬರು ಬಿಗಿದು ತಿರುಗುವುದರೊಳಗೆ ಕಾಳವ್ವ ಬಂದಳು. ಮಾತಿಲ್ಲ ಕಥೆಯಿಲ್ಲ, ಎರಡೂ ಕೈಯಿಂದ ಸೈಕಲ್ಲನ್ನು ನೂಕಿದಳು. ಅದು ಕಲ್ಲಿನ ಮೇಲೆ ಬಿದ್ದ ಸದ್ದಿಗೆ ಓಣಿಯ ಬಾಗಿಲುಗಳೆಲ್ಲ ತೆರೆದವು. ಹೊಳೆವ್ವ ಕೊಟ್ಟಿಗೆಯಿಂದ ಸಗಣಿಯ ಕೈಯಲ್ಲೇ ಹೊರಗೆ ಬಂದಳು.

ಸುಗಂಧಾ ಥಟ್ಟನೆ ಬಗ್ಗಿದಳು. ಅದು ಸೈಕಲ್ಲಿಗಾಗಿ ಅಲ್ಲ, ಡಬ್ಬಿಗಾಗಿ. ಕೂತು ಮುಚ್ಚಳ ತೆರೆದು ಒಂದೊಂದೇ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಎಲ್ಲವೂ ಸರಿಯಾಗಿದ್ದವು. ಬ್ರೇಕಿನ ಹಿಡಿಕೆ ಬಾಗಿತ್ತು. ಅದನ್ನು ಮೊಣಕಾಲಿಗೆ ಆನಿಸಿಕೊಂಡು ಕೈಯಿಂದಲೇ ನೆಟ್ಟಗೆ ಮಾಡಿದಳು. ಆಮೇಲೆ ಸೈಕಲ್ಲನ್ನು ಎತ್ತಿ, ಬಿದ್ದ ಜಾಗದಲ್ಲೇ, ಅದೇ ಗೋಡೆಗೆ ಮತ್ತೆ ಹಚ್ಚತೊಡಗಿದಳು. ಅವಸರ ಮಾಡಲಿಲ್ಲ. ಹಿಂದಿನ ಗಾಲಿಯನ್ನು ಗೇಣು ದೂರ ಸರಿಸಿದಳು. ಸೀಟನ್ನು ಕಲ್ಲಿಗೆ ಆನಿಸಿದಳು. ಮುಂದಿನ ಗಾಲಿ ಹೊರಳಿಸಿದಳು. ರಬ್ಬರನ್ನು ಎಳೆದು ಬಿಗಿದಳು. ಸೀಟಿನ ಮೇಲೆ ಅಂಗೈ ಇಟ್ಟು ಒಮ್ಮೆ ಅಲುಗಾಡಿಸಿ ನೋಡಿದಳು. ಕದಲಲಿಲ್ಲ. ಆಮೇಲೆ ಹೋಗಿ ಕಾಳವ್ವನ ಕಟ್ಟೆಯ ಮೇಲೆ, ಕಾಳವ್ವ ದಿನವೂ ಕೂರುವ ಜಾಗದ ಪಕ್ಕಕ್ಕೆ ಕೂತಳು.

"ಆಯಿ, ಕೆಡವಿದ್ರಿ, ಎತ್ತಿ ನಿಂದ್ರಿಸಿದೆ. ಮತ್ತ ಕೆಡವಿದ್ರ ಮತ್ತ ಎತ್ತತೀನಿ, ಅದೇನ ನನಗ ದೊಡ್ಡದಲ್ಲ. ಆದ್ರ ನಿಮ್ಮ ಸಿಟ್ಟ ಸೈಕಲ್ ಮ್ಯಾಲಿಂದಲ್ಲ, ನನ್ನ ಮ್ಯಾಲಿಂದೂ ಅಲ್ಲ. ಯಾರ ಮ್ಯಾಲಿಂದ, ಹೇಳ್ರಿ."

ಕಾಳವ್ವ ನಿಂತೇ ಇದ್ದಳು. ಅವಳ ಕಣ್ಣುಗಳು ಓಣಿಯ ತುದಿಯಲ್ಲಿ ಏನನ್ನೋ ಹುಡುಕಿದವು. ಆಮೇಲೆ ಬಂದು ಕೂತಳು.

"ನನ್ನ ತಮ್ಮ ಇದ್ದ, ಹಾಲಸಿದ್ದ" ಎಂದಳು. ಓಣಿ ಎಂದೂ ಕೇಳದ ಸಣ್ಣ ದನಿ ಅದು. "ಅವ್ವ ಲಗೂನ ಹ್ವಾದ್ಲು. ನನ್ನ ಮಡಿಲಾಗ ಬೆಳದಾಂವ. ಇನ್ನ ಲಗ್ನ ಆಗಿರಲಿಲ್ಲ. ಕನ್ಯಾ ನೋಡಿಟ್ಟಿದ್ದೆ. ಆ ವರ್ಷ, ಹಿಡಕೊಂಡ ಹಿಡಕೊಂಡ ಆಪ್ರೇಶನ್ ಮಾಡೂ ವರ್ಷ, ಸಂತಿಗಿ ಹೋದಾಂವನ್ನ ಎಲ್ಲಿದೋ ಜೀಪಿನ್ಯಾಗ ಹಾಕ್ಕೊಂಡ ಹ್ವಾದ್ರು. ತಿರುಗಿ ಬಂದಾಗ ಮಾತ ಇಲ್ಲ, ಊಟ ಇಲ್ಲ. ಕನ್ಯಾದಾವ್ರು ಒಲ್ಲೆ ಅಂದ್ರು. ಆಮ್ಯಾಲ ಯಾರೂ ಕೊಡಲಿಲ್ಲ. ಒಂದ ದಿನ ಇಚಲಕರಂಜಿಗಿ ಮಗ್ಗದ ಕೆಲಸಕ್ಕ ಹೋಗ್ತೀನಿ ಅಂತ ಹ್ವಾದ. ಹೋದಾಂವ ಹೊಳ್ಳಿ ಈ ಹೊಸ್ತಿಲಾ ತುಳದಿಲ್ಲ."

ಸುಗಂಧಾಳಿಗೆ ಆ ತುರ್ತು ಪರಿಸ್ಥಿತಿಯ ವರ್ಷದ ಬಗ್ಗೆ ಗೊತ್ತಿತ್ತು. ಆಗ ಅವಳಿನ್ನೂ ಅಂಕಲಿಯ ಶಾಲೆಯಲ್ಲಿದ್ದಳು. ಜೀಪಿನ ಸದ್ದು ಕೇಳಿದರೆ ಗಂಡಸರು ತಂಬಾಕಿನ ಹೊಲದೊಳಗೆ ಓಡಿ ಕೂರುತ್ತಿದ್ದರು. ಇಂದು ಅದೇ ಇಲಾಖೆಯ ಸಂಬಳ ತಿನ್ನುವವಳು ತಾನು. ಅದಕ್ಕೆ ಸಮಜಾಯಿಷಿ ಹೇಳುವ ಮನಸ್ಸಾಗಲಿಲ್ಲ.

"ಅದು ಅನ್ಯಾಯ ಆತ್ರಿ ಆಯಿ" ಎಂದಳು. "ಯಾರ ಮಾಡಿದ್ರೂ ಅನ್ಯಾಯನ."

ಕಾಳವ್ವ ಮುಖ ಎತ್ತಿ ಅವಳನ್ನು ನೋಡಿದಳು. ಸರಕಾರದವರ ಬಾಯಿಂದ ಆ ಮಾತನ್ನು ಅವಳು ಕೇಳಿದ್ದು ಅದೇ ಮೊದಲು.

"ಆದ್ರ ನನ್ನಂತೇಲೆ ಜೀಪ್ ಇಲ್ರಿ. ಸೈಕಲ್ ಐತಿ. ಅದರಾಗ ಯಾರನ್ನೂ ಹಿಡದ ಹಾಕ್ಕೊಂಡ ಹೋಗಾಕ ಬರೂದಿಲ್ಲ, ಹಿಂದ ಡಬ್ಬಿ ಐತಿ, ಮುಂದ ಬಾರ್ ಇಲ್ಲ." ಸುಗಂಧಾ ಸಣ್ಣಗೆ ನಕ್ಕಳು. "ಯಾರರ ಬ್ಯಾಡ ಅಂದ್ರ ಹೊರಗಿಂದ ಹೊರಗ ಹೋಗ್ತೀನಿ. ಕರದ್ರ ಅಷ್ಟ ಒಳಗ ಬರ್ತೀನಿ. ಇಷ್ಟ ನನ್ನ ಮಾತ."

ಆಗ ಬಾಗಿಲಲ್ಲಿ ಬಳೆಯ ಸದ್ದಾಯಿತು. ಗಿರಿಜವ್ವ ಹೊಸ್ತಿಲ ಮೇಲೆ ನಿಂತಿದ್ದಳು. ಮೂವತ್ತಕ್ಕೆ ಇನ್ನೂ ಎರಡು ವರ್ಷ ಕಡಿಮೆ, ಕೆನ್ನೆಯ ಎಲುಬುಗಳು ಮಾತ್ರ ಐವತ್ತರ ಹೆಂಗಸಿನವು. ನಾಲ್ಕು ಮಕ್ಕಳ ತಾಯಿ. ಕೊನೆಯ ಹೆರಿಗೆಯಲ್ಲಿ ರಕ್ತ ಹೋಗಿ ಹೋಗಿ, ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಹುಲ್ಲು ಹಾಸಿ ಹಾರೂಗೇರಿಗೆ ಒಯ್ದಿದ್ದರು. ಬದುಕಿದ್ದೇ ಹೆಚ್ಚು ಎಂದು ಊರು ಹೇಳುತ್ತಿತ್ತು. ಅವಳ ಕೈ ಬಾಗಿಲಿನ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಿತ್ತು.

"ಬಾಯಾರ, ಒಳಗ ಬರ್ರಿ. ನಾ ಕರ್ಯಾಕತ್ತೇನಿ."

ಕಾಳವ್ವ ಸೊಸೆಯ ಕಡೆ ತಿರುಗಿದಳು.

"ಅತ್ತಿ, ಸಿಟ್ಟಾಗಬ್ಯಾಡ್ರಿ" ಎಂದಳು ಗಿರಿಜವ್ವ. "ಅವ್ರನ್ನ ಕೇಳಿದ್ರ ಅವ್ವನ್ನ ಕೇಳು ಅಂತಾರ. ನಿಮ್ಮನ್ನ ಕೇಳಾಕ ನನಗ ಧೈರ್ಯ ಆಗಲಿಲ್ಲ. ಇನ್ನೊಂದ ಬಾಣಂತನ ಆದ್ರ ನಾ ಉಳಿಯೂದಿಲ್ರಿ. ಈ ನಾಕ ಮಕ್ಕಳ ಗತಿ? ಸೈಕಲ್ ಎಲ್ಲಾರ ಗ್ವಾಡಿಗಿ ಹೋತು, ನಮ್ಮ ಗ್ವಾಡಿಗಿ ಮತ್ತ ಯಾವಾಗ ಬರ್ತೈತಿ ಅಂತ ಕಿಡಿಕ್ಯಾಗಿಂದ ನೋಡಕೋತ ಕುಂತಿದ್ದೆ."

ಕಾಳವ್ವ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ, ಹೊಸದಾಗಿ ಕಾಣುವವಳ ಹಾಗೆ ನೋಡಿದಳು. ಅವಳ ಮನಸ್ಸಿನಲ್ಲಿ ಆ ಟ್ರ್ಯಾಕ್ಟರಿನ ಟ್ರಾಲಿಯೇ ಬಂತೋ, ಅದಕ್ಕೂ ಹಿಂದೆ ಹೋದ ಆ ಜೀಪೇ ಬಂತೋ. ಕೊನೆಗೆ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು.

"ಕರದಾಕಿ ನೀನು. ನಾ ಏನ ಅನ್ನಲಿ" ಎಂದಳು. ಆಮೇಲೆ ಸುಗಂಧಾಳ ಕಡೆ ತಿರುಗಿ, ತನ್ನ ಹಳೆಯ ದನಿಯಲ್ಲಿ, "ಹೋಗವಾ ಒಳಗ. ಕುಂತಿ ಯಾಕ? ಗಿರಿಜಾ, ಚಾಕ್ಕ ಹಾಲ ಜಾಸ್ತಿ ಹಾಕ. ನಾ ಇಲ್ಲೇ ಕುಂದರ್ತೀನಿ, ಆ ಹೊಳೆವ್ವನ ಹೋತ ಬಿಟ್ಟೈತಿ" ಎಂದಳು.

ಸುಗಂಧಾ ಒಳಗೆ ಹೋಗಿ ಗಿರಿಜವ್ವನ ಜೊತೆ ಕೂತಳು. ಆಪರೇಶನ್ ಎಂದರೆ ಏನು, ಎಲ್ಲಿ, ಎಷ್ಟು ದಿನ ಭಾರ ಎತ್ತಬಾರದು, ಬೇಡವಾದರೆ ಬೇರೆ ಯಾವ ದಾರಿಗಳಿವೆ, ಎಲ್ಲವನ್ನೂ ಹೇಳಿದಳು. ಮೊದಲು ರಕ್ತ ಕೂಡಬೇಕು, ಅವಸರವಿಲ್ಲ, ನಡುವೆ ಮನಸ್ಸು ಬದಲಾದರೂ ಚಿಂತೆಯಿಲ್ಲ ಎಂದಳು. ಗಿರಿಜವ್ವ ಎಲ್ಲವನ್ನೂ ಕೇಳಿ, "ಮನಸ ಬದಲ ಆಗೂದಿಲ್ರಿ" ಎಂದಳು. ಸಂಜೆ ಲಗಮಣ್ಣ ಹೊಲದಿಂದ ಬಂದಾಗ ಅವನಿಗೆ ವಿಷಯ ಹೇಳಿದ್ದು ಅವನ ತಾಯಿಯೇ. ಅವನು ಎಮ್ಮೆಗೆ ಮೇವು ಹಾಕುವ ನೆಪದಲ್ಲಿ ಹಿತ್ತಲಿಗೆ ಹೋಗಿ ಕಣ್ಣೊರೆಸಿಕೊಂಡು ಬಂದನೆಂದು ಗಿರಿಜವ್ವ ಆಮೇಲೆ ಹೇಳಿದಳು.

ಚಳಿಗಾಲದಲ್ಲಿ ಆಪರೇಶನ್ನಿಗೆ ದಿನ ಗೊತ್ತಾಯಿತು. ಕಾಳವ್ವನದು ಒಂದೇ ಹಟ. ಜೀಪು ಬೇಡ, ಮೋಟಾರು ಗಾಡಿ ಬೇಡ, ತಮ್ಮ ಚಕ್ಕಡಿಯಲ್ಲೇ ಹೋಗಬೇಕು, ತಾನು ಜೊತೆಗೆ ಇರಬೇಕು. ಹಾಗೆಯೇ ಆಯಿತು. ಚಕ್ಕಡಿಗೆ ಕೌದಿ ಹಾಸಿ, ಗಿರಿಜವ್ವನನ್ನು ಕೂರಿಸಿ, ಲಗಮಣ್ಣ ಎತ್ತು ಹೊಡೆದ. ಸುಗಂಧಾ ಪಕ್ಕದಲ್ಲಿ ಎತ್ತುಗಳ ನಡಿಗೆಗೆ ಸರಿಯಾಗಿ ನಿಧಾನವಾಗಿ ಪೆಡಲ್ಲು ತುಳಿದಳು. ದಾರಿಯಲ್ಲಿ ಎದುರಾದವರು ಎಲ್ಲಿಗೆ ಎಂದು ಕೇಳಿದರೆ ಕಾಳವ್ವ ತಾನೇ ತಲೆ ಎತ್ತಿ, "ದವಾಖಾನಿಗಿ. ನಮ್ಮ ಸೊಸಿದು ಆಪ್ರೇಶನ್ ಐತಿ" ಎಂದು ಉತ್ತರ ಕೊಟ್ಟಳು. ಕೇಳಿದವರಿಗೆ ಮುಂದೆ ಕೇಳಲು ಏನೂ ಉಳಿಯುತ್ತಿರಲಿಲ್ಲ.

ಎಲ್ಲವೂ ಸರಿಯಾಗಿ ಮುಗಿಯಿತು. ಗಿರಿಜವ್ವ ಒಳಗೆ ಮಲಗಿ ನಿದ್ದೆ ಹೋದ ಮೇಲೆ ಕಾಳವ್ವ ದವಾಖಾನೆಯ ಮೆಟ್ಟಿಲ ಮೇಲೆ ಸುಗಂಧಾಳ ಪಕ್ಕದಲ್ಲಿ ಕೂತು ಎಲೆಯಡಿಕೆಯ ಚೀಲ ಬಿಚ್ಚಿದಳು. ಎಲೆಗೆ ಸುಣ್ಣ ಹಚ್ಚುತ್ತ ಹಚ್ಚುತ್ತ ನಿಲ್ಲಿಸಿದಳು.

"ಹಾಲಸಿದ್ದ ಹೋದ ಮ್ಯಾಲ, ಅಲ್ಲೇ ಮಗ್ಗದಾಗ ಅದಾನ ಅಂತ ಮಂದಿ ಹೇಳಿದ್ರೂ, ನಾ ಒಮ್ಮೆರ ನೋಡಾಕ ಹೋಗಲಿಲ್ಲ. ಅಂವನ ಬರ್ಲಿ ಅಂತ ಕಾಯಕೋತ ಕುಂತೆ. ಅಂವ, ಅಕ್ಕ ಬರ್ಲಿ ಅಂತ ಕುಂತಿರಬೇಕು."

"ಇಚಲಕರಂಜಿಗಿ ಬಸ್ ದಿನಾ ಐತ್ರಿ ಆಯಿ" ಎಂದಳು ಸುಗಂಧಾ.

ಕಾಳವ್ವ ಎಲೆಯನ್ನು ಮಡಚಿ ಬಾಯಿಗೆ ಹಾಕಿಕೊಂಡಳು.

ಗಿರಿಜವ್ವ ಚೇತರಿಸಿಕೊಂಡು ಅಡಿಗೆಮನೆಗೆ ಕಾಲಿಟ್ಟ ವಾರವೇ, ಒಂದು ಬೆಳಿಗ್ಗೆ ಸುಗಂಧಾ ಹಾರೂಗೇರಿಯ ಬಸ್ ಸ್ಟ್ಯಾಂಡಿನ ಮುಂದೆ ಹಾದು ಹೋಗುತ್ತಿದ್ದಾಗ ಚಿಕ್ಕೋಡಿಯ ಬಸ್ಸು ಹೊರಡಲು ನಿಂತಿತ್ತು. ಕಿಟಕಿಯ ಪಕ್ಕದಲ್ಲಿ ಕಾಳವ್ವ ಕೂತಿದ್ದಳು. ಇಳಕಲ್ಲ ಸೀರೆ, ಹಣೆಯ ತುಂಬ ಕುಂಕುಮ, ಮಡಿಲಲ್ಲಿ ಬಿಳಿ ಬಟ್ಟೆಯಲ್ಲಿ ಕಟ್ಟಿದ ಸಜ್ಜೆರೊಟ್ಟಿಯ ಗಂಟು. ಪಕ್ಕದಲ್ಲಿ ಲಗಮಣ್ಣ ಟಿಕೀಟು ತೆಗೆಸುತ್ತಿದ್ದ. ಕಾಳವ್ವ ಸುಗಂಧಾಳನ್ನು ಕಂಡು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದಳು.

"ಬಾಯಿ, ಚಿಕ್ಕೋಡ್ಯಾಗ ಇಳದ್ರ ಇಚಲಕರಂಜಿ ಬಸ್ ಸಿಗತೈತಲ್ಲಾ?"

"ಸಿಗತೈತ್ರಿ. ಇಲ್ಲಂದ್ರ ನಿಪ್ಪಾಣಿ ಮ್ಯಾಲಿಂದ ಹೋಗ್ರಿ."

"ಅಂವಗ ಸಜ್ಜೆರೊಟ್ಟಿ ಅಂದ್ರ ಜೀವ" ಎಂದಳು ಕಾಳವ್ವ. ಅವಳ ಮುಖದಲ್ಲಿ ಅಂಜಿಕೆಯೂ ಇತ್ತು, ಜಾತ್ರೆಗೆ ಹೊರಟ ಹುಡುಗಿಯ ಉಮೇದೂ ಇತ್ತು. "ಗುರ್ತ ಹಿಡೀತಾನಿಲ್ಲೋ."

"ನಿಮ್ಮ ದನಿ ಒಂದ ಕೇಳಿದ್ರ ಸಾಕ, ಇಡೀ ಇಚಲಕರಂಜಿ ಗುರ್ತ ಹಿಡೀತೈತ್ರಿ ಆಯಿ."

ಕಾಳವ್ವ ಜೋರಾಗಿ ನಕ್ಕಳು. ಕಂಡಕ್ಟರ್ ಗಂಟೆ ಬಾರಿಸಿದ. ಬಸ್ಸು ಹೊಗೆ ಉಗುಳಿ, ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಪಕ್ಕದಿಂದ ದಾರಿ ಮಾಡಿಕೊಂಡು ಚಿಕ್ಕೋಡಿಯ ಕಡೆ ಹೊರಟಿತು. ಅದು ಕಣ್ಣಿಗೆ ಮರೆಯಾಗುವವರೆಗೆ ನೋಡಿ, ಸುಗಂಧಾ ಸೀಟಿಗೆ ಏರಿದಳು. ಚಿಂಚಲಿಯ ದಾರಿಯ ತೋಟಗಳಲ್ಲಿ ಆ ದಿನ ಅವಳಿಗೆ ನಾಲ್ಕು ಬಾಣಂತಿಯರನ್ನು ನೋಡುವುದಿತ್ತು, ಬಿಸಿಲು ಏರುವುದರೊಳಗೆ ಮುಟ್ಟಬೇಕಾಗಿತ್ತು.